ಬಿಸಿಲ ನಾಡಿನ ಸೌರ ವಿದ್ಯುತ್: ಕಿರು ಸ್ಥಾವರ ಕೆಲಸ ಮಾಡುವ ಬಗೆ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳು ತೊಗರಿ ಬೆಳೆಯುವ ಬಿಸಿಲ ನಾಡು. ಮಳೆ ಕೈಕೊಟ್ಟರೂ ಬಿಸಿಲಿಗೆ ಇಲ್ಲಿ ಬರವಿಲ್ಲ. ಸೌರ ಸ್ಥಾವರಕ್ಕೆ ಜಮೀನು ಕೊಡಬೇಕೇ, ಮಾಳಿಗೆಯ ಮೇಲೆ ಸೌರ ಫಲಕ ಹಾಕಿಸಬೇಕೇ ಎಂದು ಯೋಚಿಸುವ ಕುಟುಂಬಗಳು ಮೊದಲು ಅದು ಕೆಲಸ ಮಾಡುವ ಬಗೆಯನ್ನು ತಿಳಿದುಕೊಳ್ಳುವುದು ಒಳ್ಳೆಯದು.

ಫಲಕದ ಜೀವಾಳ ಸಿಲಿಕಾನ್ ಕೋಶ. ಅದರ ಮೇಲೆ ಬೆಳಕು ಬಿದ್ದಾಗ ಎಲೆಕ್ಟ್ರಾನ್‌ಗಳು ಬಿಡುಗಡೆಯಾಗಿ ಒಂದೇ ದಿಕ್ಕಿಗೆ ಹರಿಯುತ್ತವೆ. ಅದೇ ವಿದ್ಯುತ್. ಒಂದು ಕೋಶದಿಂದ ಸಿಗುವುದು ಸುಮಾರು ಅರ್ಧ ವೋಲ್ಟ್ ಮಾತ್ರ. ಆದ್ದರಿಂದ ಹಲವು ಕೋಶಗಳನ್ನು ಸಾಲಾಗಿ ಜೋಡಿಸಿ ಒಂದು ಫಲಕ ಮಾಡುತ್ತಾರೆ. ಫಲಕಗಳು ಕೊಡುವ ಡಿ.ಸಿ. ವಿದ್ಯುತ್ತನ್ನು ಇನ್ವರ್ಟರ್ ಎ.ಸಿ.ಗೆ ಬದಲಿಸುತ್ತದೆ. ಸ್ಥಾವರದಲ್ಲಾದರೆ ಟ್ರಾನ್ಸ್‌ಫಾರ್ಮರ್ ಅದರ ವೋಲ್ಟೇಜ್ ಏರಿಸಿ ವಿದ್ಯುತ್ ಮಾರ್ಗಕ್ಕೆ ಸೇರಿಸುತ್ತದೆ. ಇಲ್ಲಿ ಏನನ್ನೂ ಸುಡುವುದಿಲ್ಲ, ಬೆಂಕಿಯಿಲ್ಲ, ಹೊಗೆಯಿಲ್ಲ. ಅಗ್ನಿಕಾಯ ಜೀವಗಳನ್ನೂ ಜೀವವೆಂದು ಎಣಿಸುವ ಜೈನ ಧರ್ಮೀಯರಿಗೆ ಇದು ಸಣ್ಣ ಮಾತಲ್ಲ.

ಬಿಸಿ ಹೆಚ್ಚಾದಷ್ಟೂ ವಿದ್ಯುತ್ ಹೆಚ್ಚು ಎಂಬ ನಂಬಿಕೆ ಸರಿಯಲ್ಲ. ಫಲಕಕ್ಕೆ ಬೇಕಾದದ್ದು ಬೆಳಕು, ಶಾಖವಲ್ಲ. 25 ಡಿಗ್ರಿ ಮೀರಿದ ಪ್ರತಿ ಡಿಗ್ರಿಗೆ ಉತ್ಪಾದನೆ ಸುಮಾರು ಶೇ. 0.3ರಿಂದ 0.4ರಷ್ಟು ಇಳಿಯುತ್ತದೆ. ಮೇ ತಿಂಗಳಲ್ಲಿ ಫಲಕ 60 ಡಿಗ್ರಿಗೆ ಕಾದರೆ ಹತ್ತರಲ್ಲೊಂದು ಪಾಲು ನಷ್ಟ. ಆದ್ದರಿಂದ ಫಲಕದ ಕೆಳಗೆ ಗಾಳಿಯಾಡಲು ಜಾಗ ಬಿಡಬೇಕು, ಮೇಲಿನ ಧೂಳು ಆಗಾಗ ಒರೆಸಬೇಕು.

1 ಮೆಗಾವ್ಯಾಟ್ ಸ್ಥಾವರಕ್ಕೆ ಸುಮಾರು 4ರಿಂದ 5 ಎಕರೆ ಬೇಕು. 2019ರಲ್ಲಿ ಆರಂಭವಾದ ಪಿಎಂ-ಕುಸುಮ್ ಯೋಜನೆಯಲ್ಲಿ ರೈತರಿಗೆ ಬಂಜರು ಅಥವಾ ಬೀಳು ಜಮೀನಿನಲ್ಲಿ 500 ಕಿಲೋವ್ಯಾಟ್‌ನಿಂದ 2 ಮೆಗಾವ್ಯಾಟ್‌ವರೆಗಿನ ಸ್ಥಾವರ ಹಾಕಲು ಅವಕಾಶ ನೀಡಲಾಯಿತು. ಜಮೀನನ್ನು ಗುತ್ತಿಗೆಗೂ ಕೊಡಬಹುದು. ಆದರೆ ಒಪ್ಪಂದ ಸಾಮಾನ್ಯವಾಗಿ 25 ವರ್ಷದ್ದು. ಇಂದು ಹಾಕುವ ಸಹಿ ಮಕ್ಕಳ ಕಾಲದವರೆಗೂ ಕಟ್ಟಿಹಾಕುತ್ತದೆ. ಗುತ್ತಿಗೆ ಹಣ ಏರುವ ಕ್ರಮ, ಅವಧಿ ಮುಗಿದಾಗ ಫಲಕ ತೆಗೆಸುವ ಹೊಣೆ, ಇವೆರಡೂ ಬರಹದಲ್ಲಿರಲಿ. ತೊಗರಿ ಬೆಳೆಯುವ ಒಳ್ಳೆಯ ಎರೆಭೂಮಿಯನ್ನು ಉಳುಮೆಗೇ ಉಳಿಸಿಕೊಂಡು, ಬರಡು ತುಂಡನ್ನು ಮಾತ್ರ ಇದಕ್ಕೆ ಕೊಡುವುದು ಜಾಣತನ.

ಜಮೀನಿಲ್ಲದವರಿಗೆ ಮಾಳಿಗೆಯೇ ಸಾಕು. 1 ಕಿಲೋವ್ಯಾಟ್ ಫಲಕ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ. 2024ರ ಪಿಎಂ ಸೂರ್ಯಘರ್ ಯೋಜನೆಯಡಿ 3 ಕಿಲೋವ್ಯಾಟ್‌ಗೆ ಮನೆಗಳಿಗೆ 78,000 ರೂಪಾಯಿ ಸಹಾಯಧನವಿದೆ. ಒಂದು ಮಾತು ನೆನಪಿರಲಿ: ಬ್ಯಾಟರಿ ಇಲ್ಲದ ವ್ಯವಸ್ಥೆ ಕರೆಂಟ್ ಹೋದಾಗ ಲೈನ್‌ಮನ್‌ಗಳ ಸುರಕ್ಷತೆಗಾಗಿ ತಾನೂ ನಿಲ್ಲುತ್ತದೆ.

ಸೂರ್ಯ ಮುಳುಗುವ ಮುನ್ನ ಊಟ ಮುಗಿಸುವ ಮನೆಗಳಿಗೆ ಈ ಲೆಕ್ಕ ಹೊಸದಲ್ಲ. ನೀರೆತ್ತುವ ಪಂಪು, ಮಿಕ್ಸಿ, ಇಸ್ತ್ರಿಯ ಕೆಲಸವನ್ನೂ ಹಗಲಿಗೇ ಮುಗಿಸಿದರೆ ಸೌರ ಫಲಕದ ಪೂರ್ಣ ಲಾಭ ಕೈಗೆ ಸಿಗುತ್ತದೆ.