ಮಗು ಹೊಂದಿಕೊಳ್ಳುತ್ತದೆ, ತೊಂದರೆ ಇರುವುದೇ ಅಲ್ಲಿ

ಬೆಂಗಳೂರಿನ ಕೆಂಗೇರಿ ದಾಟಿ ಇನ್ನಷ್ಟು ದೂರ ಒಳಗೆ ಹೋದರೆ ಬ್ಯಾಲಾಳು ಎಂಬ ಹಳ್ಳಿ ಸಿಗುತ್ತದೆ. ನಗರದ ರೇಡಿಯೊ ಗದ್ದಲ ತಾಕದಂತೆ ಸುತ್ತ ಎತ್ತರದ ನೆಲವಿರುವ ಆ ಬಟ್ಟಲಿನಂಥ ಜಾಗದಲ್ಲಿ ಇಸ್ರೋದ 32 ಮೀಟರ್ ಅಗಲದ ಆಂಟೆನಾ ನಿಂತಿದೆ. 2013ರ ನವೆಂಬರ್ 5ರಂದು ಹೊರಟ ಮಂಗಳಯಾನ 2014ರ ಸೆಪ್ಟೆಂಬರ್ 24ರಂದು ಮಂಗಳನ ಕಕ್ಷೆ ಸೇರಿತು. ಆ ದೂರದ ನೌಕೆಯೊಂದಿಗೆ ನಮ್ಮವರು ಮಾತುಕತೆ ನಡೆಸಿದ್ದು ಈ ಆಂಟೆನಾದ ಮೂಲಕ. ಅಂದು ಹೋದದ್ದು ಯಂತ್ರ. ಈಗ ಮನುಷ್ಯರನ್ನು ಕಳಿಸುವ ಮಾತು ನಡೆದಿದೆ. ಇಲಾನ್ ಮಸ್ಕ್ ಅಂಥವರು ಹತ್ತು ಲಕ್ಷ ಜನರ ಊರನ್ನೇ ಅಲ್ಲಿ ಕಟ್ಟುವ ಆಸೆ ಹೇಳಿಕೊಂಡಿದ್ದಾರೆ. ಊರೆಂದ ಮೇಲೆ ಸಂಸಾರ, ಸಂಸಾರವೆಂದ ಮೇಲೆ ಮಕ್ಕಳು. ಆ ಮಕ್ಕಳ ಗತಿಯೇನು ಎಂದು ಕೇಳಿದರೆ ಸಿಗುವ ಉತ್ತರ ನಮ್ಮ ಮನೆಗಳಲ್ಲಿ ದಿನವೂ ಕೇಳುವಂಥದ್ದೇ: ಮಕ್ಕಳು ತಾನೇ, ಎಲ್ಲಿಗೆ ಹೋದರೂ ಹೊಂದಿಕೊಂಡುಬಿಡುತ್ತವೆ.

ಈ ಮಾತು ಸುಳ್ಳಲ್ಲ. ಬೆಂಗಳೂರಿನ ಪಶ್ಚಿಮ ಭಾಗವೇ ಅದಕ್ಕೆ ಸಾಕ್ಷಿ. ಮಿಲ್ಲು, ಕಾರ್ಖಾನೆಗಳ ಕೆಲಸ ಹುಡುಕಿ ತುಮಕೂರು, ಮಂಡ್ಯ, ಹಾಸನದ ಕಡೆಯಿಂದ, ತಮಿಳುನಾಡಿನಿಂದ ರಾಜಾಜಿನಗರಕ್ಕೆ ಬಂದವರು ಕೊನೆಯವರೆಗೂ ತಮ್ಮ ಹಳ್ಳಿಯ ಹೆಸರನ್ನೇ ಊರೆಂದು ಹೇಳಿಕೊಂಡರು. ಅವರ ಮಕ್ಕಳನ್ನು ಯಾವ ಊರು ಎಂದು ಕೇಳಿದರೆ ರಾಜಾಜಿನಗರ ಎನ್ನುತ್ತಾರೆ. ಇವತ್ತು ಕೆಂಗೇರಿಯ ಸುತ್ತಮುತ್ತ ಕಟ್ಟಡ ಕೆಲಸಕ್ಕೆ ಯಾದಗಿರಿ, ರಾಯಚೂರು, ಕಲಬುರಗಿಯಿಂದ ಬರುವ ಕುಟುಂಬಗಳಲ್ಲೂ ಇದೇ ಕತೆ. ಅಪ್ಪ ಅಮ್ಮ ಅಂಗಡಿಯಲ್ಲಿ ಬಾಯಿ ತೆರೆಯಲು ಹಿಂಜರಿಯುವಾಗಲೇ ಮಗು ಬೆಂಗಳೂರು ಕನ್ನಡ ಕಲಿತು, ಪಕ್ಕದ ಶೆಡ್ಡಿನ ಬಿಹಾರಿ ಗೆಳೆಯನಿಂದ ಹಿಂದಿಯನ್ನೂ ಹಿಡಿದು, ಮನೆಮಂದಿಗೆಲ್ಲ ದುಭಾಷಿಯಾಗಿರುತ್ತದೆ. ಮಗುವಿನ ಮನಸ್ಸು ಹೊಸ ಜಾಗಕ್ಕೆ ಹೊಂದುವ ವೇಗದ ಬಗ್ಗೆ ಅನುಮಾನವೇ ಬೇಡ. ಅನುಮಾನ ಬರುವುದು ಮೈ ಕೂಡ ಹಾಗೆಯೇ ಹೊಂದಿಕೊಂಡಾಗ. ಮಂಗಳನಲ್ಲಿ ಮಗುವಿನ ಮೈ ಒಗ್ಗದೇ ಹೋಗಬಹುದು ಎಂಬುದು ಒಂದು ಭಯ. ಚೆನ್ನಾಗಿ ಒಗ್ಗಿಬಿಟ್ಟು ಭೂಮಿಗೆ ಮರಳಲಾಗದಂತೆ ಆಗಬಹುದು ಎಂಬುದು ಅದಕ್ಕಿಂತ ದೊಡ್ಡ ಭಯ.

ಯಾದಗಿರಿಯಿಂದ ಕೆಂಗೇರಿಗೆ ಬಂದ ಮಗುವಿಗೆ ಭಾಷೆ, ಊಟ, ಹವೆ ಬದಲಾಗುತ್ತವೆ. ನೆಲದ ಸೆಳೆತ ಬದಲಾಗುವುದಿಲ್ಲ. ಮಂಗಳನ ಗುರುತ್ವ ನಮ್ಮದರ ಶೇ. 38 ಮಾತ್ರ. ಇಲ್ಲಿ 20 ಕೆ.ಜಿ. ತೂಗುವ ಮಗುವಿನ ಭಾರ ಅಲ್ಲಿ ಏಳೂವರೆ ಕೆ.ಜಿ.ಯಷ್ಟು ಅನಿಸುತ್ತದೆ. ನಾಲ್ಕು ಕೆ.ಜಿ.ಯ ಶಾಲಾ ಚೀಲ ಒಂದೂವರೆ ಕೆ.ಜಿ. ಆಗುತ್ತದೆ. ಕೇಳಲು ಸೊಗಸು. ಆದರೆ ಮೂಳೆ ಗಟ್ಟಿಯಾಗುವುದು ಭಾರ ಹೊತ್ತೇ. ತೂಕವೇ ಇಲ್ಲದ ಬಾಹ್ಯಾಕಾಶ ನಿಲ್ದಾಣದಲ್ಲಿ ಗಗನಯಾನಿಗಳ ಸೊಂಟ, ತೊಡೆಯ ಮೂಳೆಗಳ ಸಾಂದ್ರತೆ ತಿಂಗಳಿಗೆ ಶೇ. 1ರಿಂದ 1.5ರಷ್ಟು ಇಳಿಯುತ್ತದೆ, ಅದನ್ನು ತಡೆಯಲು ಅವರು ದಿನಕ್ಕೆ ಸುಮಾರು ಎರಡು ಗಂಟೆ ವ್ಯಾಯಾಮ ಮಾಡುತ್ತಾರೆ. ದೊಡ್ಡವರು ಕಳೆದುಕೊಳ್ಳುವುದು ಕಟ್ಟಿ ಮುಗಿದ ಮೂಳೆಯನ್ನು. ಮಗು ಮೂಳೆಯನ್ನು ಕಟ್ಟುತ್ತಿರುವುದೇ ಆ ವಯಸ್ಸಿನಲ್ಲಿ. ಅಲ್ಲಿ ಬೆಳೆದು, 15 ಕೆ.ಜಿ.ಯ ಹೊರೆಗೆ ತಕ್ಕ ಮೂಳೆ ಮಾಂಸ ಪಡೆದ ಹುಡುಗಿ ಭೂಮಿಗೆ ಬಂದಿಳಿದ ದಿನ ಆಕೆಯ ಕಾಲು ಹೊರಬೇಕಾದದ್ದು 40 ಕೆ.ಜಿ.

ಮೂಳೆಯಷ್ಟೇ ಅಲ್ಲ, ಮೇಲು ಕೆಳಗು ತಿಳಿಯುವ ಅರಿವೂ ಗುರುತ್ವದ ಕೈಯಲ್ಲೇ ಪಳಗುತ್ತದೆ. 1991ರ ಜೂನ್‌ನಲ್ಲಿ ಕೊಲಂಬಿಯಾ ಷಟಲ್‌ನಲ್ಲಿ ನಾಸಾ ಸುಮಾರು 2,500 ಲೋಳೆಮೀನಿನ ಮರಿಗಳನ್ನು ಒಯ್ದಿತ್ತು. ಲೋಳೆಮೀನಿನ ಮೈಯಂಚಿನಲ್ಲಿ ಸಣ್ಣ ಹರಳುಗಳ ಚೀಲಗಳಿವೆ; ಹರಳು ಯಾವ ಕಡೆ ಜಾರಿತು ಎನ್ನುವುದರ ಮೇಲೆ ಅದಕ್ಕೆ ದಿಕ್ಕು ತಿಳಿಯುತ್ತದೆ. ನಮ್ಮ ಒಳಕಿವಿಯಲ್ಲೂ ಅಂಥವೇ ಹರಳುಗಳಿವೆ. ಬಾಹ್ಯಾಕಾಶದಲ್ಲೇ ರೂಪುಗೊಂಡ ಲೋಳೆಮೀನುಗಳಿಗೆ ಹರಳು ಸರಿಯಾಗಿಯೇ ಬೆಳೆದಿತ್ತು. ಆದರೂ ಭೂಮಿಗೆ ತಂದ ಮೇಲೆ ಅವುಗಳಲ್ಲಿ ಈಜಿನ ಬಡಿತದ ಏರುಪೇರು ಇಲ್ಲಿ ಬೆಳೆದವುಗಳಿಗಿಂತ ಹೆಚ್ಚಾಗಿ ಕಂಡಿತು. ಅಂಗ ಬೆಳೆದರೂ ಅದನ್ನು ಭೂಮಿಯಲ್ಲಿ ಬಳಸುವ ಪಾಠ ಆಗಿರಲಿಲ್ಲ. ಲೋಳೆಮೀನಿನಿಂದ ಮನುಷ್ಯಮಗುವಿಗೆ ನೇರ ತೀರ್ಮಾನ ಎಳೆಯುವುದು ತಪ್ಪು, ಸರಿ. ಆದರೆ ಇದುವರೆಗೆ ಒಂದು ಮಗುವೂ ಬಾಹ್ಯಾಕಾಶಕ್ಕೆ ಹೋಗಿಲ್ಲ. ಒಂದೇ ಸಲಕ್ಕೆ ಅತಿ ಹೆಚ್ಚು ಕಾಲ ಅಲ್ಲಿದ್ದ ರಷ್ಯದ ಗಗನಯಾನಿ ಪೊಲ್ಯಾಕೋವ್ ಕೂಡ 437 ದಿನಕ್ಕೆ ಮರಳಿದರು, ಅವರು ವೈದ್ಯರು, ವಯಸ್ಕರು. ಇಷ್ಟು ಕಡಿಮೆ ತಿಳಿವಳಿಕೆಯ ಮೇಲೆ ಒಂದು ಬಾಲ್ಯವನ್ನೇ ಪಣಕ್ಕಿಡಲಾಗದು.

ಉಳಿದ ಕಷ್ಟಗಳಿಗೆ ಗೋಡೆಯ ಮದ್ದಿದೆ. ಮಂಗಳನ ಗಾಳಿಯ ಒತ್ತಡ ನಮ್ಮದರ ಶೇ. 1ಕ್ಕಿಂತ ಕಡಿಮೆ, ಅದರಲ್ಲೂ ಬಹುಪಾಲು ಇಂಗಾಲದ ಡೈಆಕ್ಸೈಡ್. ನಾಸಾದ ಕ್ಯೂರಿಯಾಸಿಟಿ ರೋವರ್ ಅಳೆದಂತೆ ಅಲ್ಲಿ ನಾಲ್ಕೇ ದಿನದಲ್ಲಿ ತಾಕುವ ವಿಕಿರಣ, ಭೂಮಿಯಲ್ಲಿ ನಮಗೆ ಸಹಜವಾಗಿ ವರ್ಷವಿಡೀ ತಾಕುವಷ್ಟು. ಮಣ್ಣಿನಲ್ಲಿರುವ ಪರ್ಕ್ಲೊರೇಟ್ ಥೈರಾಯ್ಡ್ ಗ್ರಂಥಿಗೆ ಅಯೋಡಿನ್ ಸಿಗದಂತೆ ಮಾಡುವ ವಸ್ತು. ಮಗು ಬೆಳೆಯುವುದು ಅದೇ ಗ್ರಂಥಿಯ ಕೃಪೆಯಲ್ಲಿ. ಹಾಗಾಗಿ ಮನೆ ನೆಲದಡಿ, ಮಣ್ಣಾಟ ನಿಷಿದ್ಧ. ದಿನ 24 ಗಂಟೆ 39 ನಿಮಿಷದ್ದಾದ್ದರಿಂದ ನಿದ್ದೆಗೆ ಹೆಚ್ಚು ತೊಡಕಾಗಲಾರದು. ಅಜ್ಜಿಯ ಜೊತೆ ಮಾತಿಗೆ ಮಾತ್ರ ಯಾವ ಗೋಡೆಯೂ ನೆರವಾಗದು. ರೇಡಿಯೊ ಅಲೆ ಒಂದು ಕಡೆಗೆ ಹೋಗಲು 3ರಿಂದ 22 ನಿಮಿಷ ಬೇಕು. ಮಂಗಳಯಾನ ಕಕ್ಷೆ ಸೇರಿದ ದಿನ ಅದು ಸುಮಾರು ಹನ್ನೆರಡೂವರೆ ನಿಮಿಷವಿತ್ತು. ಬಸವೇಶ್ವರನಗರದ ಅಜ್ಜಿ ಅಂದು ‘ಊಟ ಆಯ್ತಾ ಪುಟ್ಟಾ’ ಎಂದು ಕೇಳಿದ್ದರೆ ‘ಆಯ್ತು’ ಕೇಳಿಸಲು 25 ನಿಮಿಷ ಹಿಡಿಯುತ್ತಿತ್ತು. ಜಗಳವಾಡಲು, ಮುನಿಸಿಕೊಳ್ಳಲು, ಕತೆಯ ನಡುವೆ ಪ್ರಶ್ನೆ ಕೇಳಲು ಆ ಅಂತರ ಬಿಡುವುದಿಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪಣೆ ಇತಿಹಾಸದ್ದು. ಮನುಷ್ಯರು ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡೇ ಕಡಲು, ಮರುಭೂಮಿ ದಾಟಲಿಲ್ಲವೇ? ದಾಟಿದರು, ಆಚೆ ದಡದಲ್ಲಿ ಉಸಿರಾಡಲು ಗಾಳಿ ಇತ್ತು. ಗಾಳಿ ತೆಳುವಾಗಿದ್ದ ಕಡೆ ಏನಾಯಿತು ಎಂಬುದಕ್ಕೆ ದಕ್ಷಿಣ ಅಮೆರಿಕದ ಪೊಟೊಸಿ ಉದಾಹರಣೆ. ನಾಲ್ಕು ಸಾವಿರ ಮೀಟರ್ ಎತ್ತರದಲ್ಲಿ, ಬೆಳ್ಳಿಯ ಆಸೆಗೆ 1545ರಲ್ಲಿ ಸ್ಪೇನಿನವರು ಕಟ್ಟಿದ ಊರದು. ಅಲ್ಲಿನ ಸ್ಪ್ಯಾನಿಷ್ ದಂಪತಿಗಳಿಗೆ ಹುಟ್ಟಿದ ಕೂಸು ಮೊದಲ ಬಾರಿ ಬದುಕುಳಿದದ್ದು ಐವತ್ತಕ್ಕೂ ಹೆಚ್ಚು ವರ್ಷಗಳ ನಂತರ ಎಂದು ಆ ಕಾಲದ ಚರಿತ್ರೆಕಾರರು ಬರೆದಿದ್ದಾರೆ. ಅದೇ ಎತ್ತರದಲ್ಲಿ ಸಾವಿರಾರು ವರ್ಷ ಬಾಳಿದ್ದ ಮೂಲನಿವಾಸಿಗಳ ಮಕ್ಕಳು ಬದುಕುತ್ತಿದ್ದರು. ಹೊಸಬರ ಹೆಂಗಸರು ಕಂಡುಕೊಂಡ ಉಪಾಯ ಒಂದೇ: ಹೆರಿಗೆಗೆ ಕೆಳಗಿನ ಕಣಿವೆಗೆ ಇಳಿಯುವುದು. ಮಂಗಳನಿಂದ ಇಳಿಯಲು ಅಂಥ ಕಣಿವೆಯಿಲ್ಲ. ಪ್ರಯಾಣಕ್ಕೆ ಅನುಕೂಲದ ಅವಧಿ ಬರುವುದು ಸುಮಾರು 26 ತಿಂಗಳಿಗೊಮ್ಮೆ, ದಾರಿಗೆ ಹಲವು ತಿಂಗಳು.

ಎರಡನೆಯ ಆಕ್ಷೇಪಣೆ ಇನ್ನೂ ಗಟ್ಟಿಯಾದದ್ದು. ಯಾವ ತಂದೆತಾಯಿ ಮಗುವನ್ನು ಕೇಳಿ ಊರು ಬಿಡುತ್ತಾರೆ? ರಾಯಚೂರಿನ ಮಗುವನ್ನು ಯಾರೂ ಕೇಳಲಿಲ್ಲ, ಅಮೆರಿಕಕ್ಕೆ ಹೋದ ವಿಜಯನಗರದ ಮಗುವನ್ನೂ ಕೇಳಲಿಲ್ಲ. ನಿಜ. ಮಕ್ಕಳ ಪರವಾಗಿ ದೊಡ್ಡವರು ನಿರ್ಧರಿಸುವುದು ತಪ್ಪಲ್ಲ. ಆದರೆ ಆ ಮಕ್ಕಳು ಇಪ್ಪತ್ತರ ವಯಸ್ಸಿಗೆ ಬಂದು, ನನಗೆ ಇದು ಬೇಡ ಎಂದು ಹಿಂದಿರುಗಬಹುದು. ಹಣ ಸಾಲದೇ ಇರಬಹುದು, ಮೈ ಅಡ್ಡ ಬರುವುದಿಲ್ಲ. ಮಗುವಿನ ಪರವಾಗಿ ತೆಗೆದುಕೊಂಡ ತೀರ್ಮಾನ ನ್ಯಾಯವಾಗುವುದು ದೊಡ್ಡದಾದ ಮೇಲೆ ಅದನ್ನು ತಿರಸ್ಕರಿಸುವ ಅವಕಾಶ ಉಳಿದಾಗ. ತಿರುಗುವ ಯಂತ್ರಗಳಿಂದ ಕೃತಕ ಗುರುತ್ವ ಸೃಷ್ಟಿಸಬಹುದು ಎನ್ನುವ ತಂತ್ರಜ್ಞರ ಮಾತಿನಲ್ಲಿ ಹುರುಳಿದೆ. ಆದರೆ ದಿನಕ್ಕೆ ಎಷ್ಟು ಗಂಟೆ ಅದರಲ್ಲಿದ್ದರೆ ಮೂರು ವರ್ಷದ ಮಗುವಿನ ಮೂಳೆಗೆ, ಒಳಕಿವಿಗೆ ಸಾಕು ಎಂಬುದನ್ನು ಅಳೆದು ತೋರಿಸುವ ಹೊಣೆ ಅವರದೇ.

ಆದ್ದರಿಂದ ಸರದಿ ಸ್ಪಷ್ಟವಾಗಿರಬೇಕು. ಮೊದಲು ಒಪ್ಪಿ ಹೊರಟ ವಯಸ್ಕರು. ಜೊತೆಗೆ ಆ ಶೇ. 38ರ ಗುರುತ್ವದಲ್ಲಿ ತಲೆಮಾರುಗಳ ಕಾಲ ಪ್ರಾಣಿಗಳನ್ನು ಬೆಳೆಸಿ, ಮರಳಿ ತಂದು, ಪರೀಕ್ಷಿಸುವ ತಾಳ್ಮೆ. ಅಲ್ಲಿ ಬೆಳೆದ ಜೀವ ಇಲ್ಲಿಯೂ ನೆಟ್ಟಗೆ ನಿಲ್ಲಬಲ್ಲದು ಎಂಬುದು ಖಚಿತವಾಗುವವರೆಗೆ ಮಂಗಳ ಸಂಶೋಧಕರ ಊರಾಗಿರಲಿ, ಸಂಸಾರಸ್ಥರ ಊರಾಗುವುದು ಬೇಡ. ಮಕ್ಕಳು ಹೊಂದಿಕೊಳ್ಳುತ್ತವೆ ಎಂಬ ಭರವಸೆಯನ್ನು ಯೋಜನೆ ಹಾಕುವವರು ಅನುಮತಿಪತ್ರವೆಂದು ಓದಬಾರದು. ಹೊಂದಿಕೊಳ್ಳುವ ಆ ಗುಣದಿಂದಾಗಿಯೇ ಮಕ್ಕಳನ್ನು ಎಲ್ಲರಿಗಿಂತ ಕೊನೆಗೆ ಕರೆದೊಯ್ಯಬೇಕು.