ನಾದಿದ ಹಿಟ್ಟಿಗೆ ವಿಶ್ರಾಂತಿ ಏಕೆ?

ಚಪಾತಿ ಹಿಟ್ಟನ್ನು ನಾದಿದ ಕೂಡಲೇ ಲಟ್ಟಿಸಿದರೆ ಮತ್ತೆ ಮತ್ತೆ ಕುಗ್ಗುತ್ತದೆ. ಅರ್ಧ ಗಂಟೆ ಬಿಟ್ಟರೆ ಸಲೀಸಾಗಿ ಹರಡುತ್ತದೆ. ಕಾರಣವೇನು?

ಗೋಧಿಯಲ್ಲಿ ಗ್ಲುಟೆನಿನ್ ಮತ್ತು ಗ್ಲಯಾಡಿನ್ ಎಂಬ ಎರಡು ಬಗೆಯ ಪ್ರೋಟೀನುಗಳಿವೆ. ನೀರು ಬೆರೆಸಿ ನಾದಿದಾಗ ಇವು ಹೆಣೆದುಕೊಂಡು ಗ್ಲುಟೆನ್ ಎಂಬ ಜಾಲವಾಗುತ್ತವೆ. ಉದ್ದನೆಯ ಗ್ಲುಟೆನಿನ್ ಸರಪಳಿಗಳನ್ನು ಗಂಧಕದ ಪರಮಾಣುಗಳ ನಡುವಿನ ಗಟ್ಟಿ ಬಂಧಗಳು ಜೋಡಿಸುತ್ತವೆ; ಹಿಟ್ಟು ಹಿಂದಕ್ಕೆ ಎಳೆದುಕೊಳ್ಳುವುದು ಇದರಿಂದಲೇ. ಗುಂಡಗಿನ ಗ್ಲಯಾಡಿನ್ ಅಣುಗಳು ನಡುವೆ ಸೇರಿ ಹಿಟ್ಟಿಗೆ ಹರಡುವ ಗುಣ ಕೊಡುತ್ತವೆ.

ನಾದಿದಾಗ ಸರಪಳಿಗಳು ಬಿಗಿಯಾಗಿ ಎಳೆಯಲ್ಪಟ್ಟಿರುತ್ತವೆ. ತೋಳು ಚಾಚಿ ದೂರದವರ ಕೈ ಹಿಡಿದು ನಿಂತ ಮಕ್ಕಳನ್ನು ಊಹಿಸಿಕೊಳ್ಳಿ. ಸ್ವಲ್ಪ ಸಮಯ ಕೊಟ್ಟರೆ ಅವರು ಆ ಕೈ ಬಿಟ್ಟು, ಪಕ್ಕದವರ ಕೈ ಹಿಡಿದು ಆರಾಮಾಗಿ ನಿಲ್ಲುತ್ತಾರೆ. ಸರಪಳಿಗಳ ನಡುವಿನ ದುರ್ಬಲ ಬಂಧಗಳೂ ಹೀಗೆಯೇ ಬಿಟ್ಟು, ಹೊಸ ಜಾಗದಲ್ಲಿ ಕೂಡುತ್ತವೆ. ಜಾಲ ಉಳಿಯುತ್ತದೆ, ಸೆಳೆತ ಇಳಿಯುತ್ತದೆ. ಅಷ್ಟರಲ್ಲಿ ಹಿಟ್ಟು ನೀರನ್ನೂ ಎಲ್ಲೆಡೆ ಸಮನಾಗಿ ಹೀರಿಕೊಂಡಿರುತ್ತದೆ.

ಜೋಳದಲ್ಲಿ ಗ್ಲುಟೆನ್ ಆಗುವ ಪ್ರೋಟೀನುಗಳಿಲ್ಲ. ಅದಕ್ಕೇ ರೊಟ್ಟಿಯ ಹಿಟ್ಟನ್ನು ಬಿಸಿನೀರಿನಲ್ಲಿ ಕಲಸುತ್ತಾರೆ: ಶಾಖಕ್ಕೆ ಪಿಷ್ಟದ ಕಣಗಳು ಉಬ್ಬಿ, ಅಂಟಾಗಿ ಹಿಟ್ಟನ್ನು ಹಿಡಿದಿಡುತ್ತವೆ. ಆದರೂ ಎಳೆದರೆ ಹರಿಯುತ್ತದೆ. ಆದ್ದರಿಂದಲೇ ಉತ್ತರ ಕರ್ನಾಟಕದಲ್ಲಿ ಜೋಳದ ರೊಟ್ಟಿಯನ್ನು ಅಂಗೈಯಿಂದ ಬಡಿದು ಅಗಲಿಸುವ ಜಾಣ್ಮೆ ಬೆಳೆದಿದೆ.