ಮಲೆನಾಡಿನ ಜಗಳ, ಪಾವಗಡದ ಸಾವು

ಚಿಕ್ಕನಾಯಕನಹಳ್ಳಿಯವರಾದ ನಮಗೆ ಪಾವಗಡ ಒಂದೇ ಜಿಲ್ಲೆಯದಾದರೂ ಬೇರೆ ಸೀಮೆ. ಇಲ್ಲಿ ತೆಂಗಿನ ತೋಟ, ಅಟ್ಟದ ಮೇಲಿನ ಕೊಬ್ಬರಿ, ತಿಪಟೂರು ಮಾರುಕಟ್ಟೆಯ ದರದ ಮಾತು. ಹುಳಿಯಾರು, ಶಿರಾ, ಮಧುಗಿರಿ ದಾಟುತ್ತ ಹೋದರೆ ಹಸಿರು ತೆಳುವಾಗಿ, ಬಂಡೆಗುಡ್ಡಗಳು ಎದ್ದು, ಕಡಲೆಕಾಯಿ ಹೊಲಗಳು ಬರುತ್ತವೆ. ಕನ್ನಡಕ್ಕೆ ತೆಲುಗು ಬೆರೆಯುತ್ತದೆ. ಭೂಪಟದಲ್ಲಿ ಆ ತಾಲ್ಲೂಕು ಆಂಧ್ರದ ಹೊಟ್ಟೆಯೊಳಗೇ ಕೂತಂತಿದೆ.

2005ರ ಫೆಬ್ರುವರಿ 10ರ ರಾತ್ರಿ ಅಲ್ಲಿನ ವೆಂಕಟಮ್ಮನಹಳ್ಳಿಯ ಶಾಲೆಯಲ್ಲಿ ಬೀಡುಬಿಟ್ಟಿದ್ದ ಕೆಎಸ್‌ಆರ್‌ಪಿ ತುಕಡಿಯ ಮೇಲೆ ನಕ್ಸಲರ ದೊಡ್ಡ ಗುಂಪು ಎರಗಿತು. ಪೊಲೀಸರು ಸತ್ತರು, ಜೊತೆಗೊಬ್ಬ ಸಾಮಾನ್ಯ ನಾಗರಿಕನೂ. ಮಕ್ಕಳು ಮಗ್ಗಿ ಹೇಳುವ ಕೋಣೆಗಳಲ್ಲಿ ನೆತ್ತರು ಹರಿಯಿತು. ಮರಣೋತ್ತರ ವರದಿಗೆ ಗುಂಡು, ಸ್ಫೋಟ ಇಷ್ಟೇ ಕಾರಣ. ಆದರೆ ಆ ಗುಂಡು ಅಲ್ಲಿಗೆ ಬಂದ ದಾರಿ ಉದ್ದದ್ದು.

ಒಂದು ಕವಲು ಕುದುರೆಮುಖದ್ದು. 1987ರಲ್ಲಿ ಅಲ್ಲಿ ರಾಷ್ಟ್ರೀಯ ಉದ್ಯಾನದ ಘೋಷಣೆಯಾದಾಗಿನಿಂದ ಕಾಡಿನೊಳಗಿನ ಕುಟುಂಬಗಳಿಗೆ ಎತ್ತಂಗಡಿಯ ಭಯ. ಆ ಭಯ ಇದ್ದಲ್ಲಿಗೇ ನಕ್ಸಲರು ಬಂದರು. 2003ರ ನವೆಂಬರ್‌ನಲ್ಲಿ ಕಾರ್ಕಳದ ಈದುವಿನಲ್ಲಿ ಇಬ್ಬರು ನಕ್ಸಲ್ ಯುವತಿಯರು ಪೊಲೀಸರ ಗುಂಡಿಗೆ ಬಲಿಯಾದರು. 2005ರ ಫೆಬ್ರುವರಿ 6ರಂದು ಹೊರನಾಡಿನ ಹತ್ತಿರ ಬಲಿಗೆಯಲ್ಲಿ ನಕ್ಸಲ್ ನಾಯಕ ಸಾಕೇತ್ ರಾಜನ್ ಪೊಲೀಸರ ಗುಂಡಿಗೆ ಹತರಾದರು. ಮೈಸೂರಿನಲ್ಲಿ ಓದಿದವರು, ಕರ್ನಾಟಕದ ಚರಿತ್ರೆಯನ್ನು ಎರಡು ಸಂಪುಟಗಳಲ್ಲಿ ಬರೆದವರು, ಕೊನೆಗೆ ಬಂದೂಕು ಹಿಡಿದವರು.

ಇನ್ನೊಂದು ಕವಲು ಆಂಧ್ರದ್ದು. 2004ರ ಸೆಪ್ಟೆಂಬರ್‌ನಲ್ಲಿ ಪೀಪಲ್ಸ್ ವಾರ್ ಮತ್ತು ಎಂಸಿಸಿ ಎಂಬ ನಕ್ಸಲ್ ಸಂಘಟನೆಗಳು ಕೂಡಿ ಮಾವೋವಾದಿ ಪಕ್ಷವಾದವು. ಅಕ್ಟೋಬರ್‌ನಲ್ಲಿ ವೈ.ಎಸ್. ರಾಜಶೇಖರ ರೆಡ್ಡಿ ಸರ್ಕಾರದ ಜೊತೆ ಮಾತುಕತೆ ನಡೆಯಿತು; ಜನವರಿಯಲ್ಲಿ ಅದು ಮುರಿದುಬಿತ್ತು. ಮತ್ತೆ ಬಂದೂಕುಗಳು ಹೊರಬಂದವು.

ಎರಡೂ ಕವಲು ನಮ್ಮ ಜಿಲ್ಲೆಯಲ್ಲಿ ಕೂಡಿದವು. ಬಲಿಗೆಯ ಸಾವಿಗೆ ಸೇಡು ಬಲಿಗೆಯಲ್ಲಿ ತೀರಲಿಲ್ಲ, ನಾಲ್ಕೇ ದಿನದಲ್ಲಿ ಪಾವಗಡದಲ್ಲಿ ತೀರಿತು. ಕುದುರೆಮುಖದ ಕಾಡಿಗೂ ವೆಂಕಟಮ್ಮನಹಳ್ಳಿಯ ಬಯಲಿಗೂ ಏನು ಸಂಬಂಧ? ನನಗೆ ಕಾಣುವ ಉತ್ತರ ಒಂದೇ: ಹೊಡೆದು ಗಡಿ ದಾಟುವುದು ಅಲ್ಲಿ ಸುಲಭವಿತ್ತು. ನೋವು ಹುಟ್ಟಿದ ಜಾಗ ಒಂದು, ಕೈಗೆ ಎಟುಕಿದ ಜಾಗ ಇನ್ನೊಂದು. ಸತ್ತ ಪೇದೆಗಳು ಯಾರ ಜಮೀನನ್ನೂ ಕಿತ್ತುಕೊಂಡವರಲ್ಲ, ಬಂದೋಬಸ್ತಿಗೆ ಹಾಕಿದರೆಂದು ಬಂದವರು.

ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯ ಜಗತ್ತಿನ ಇಂಥ ಸಾವುಗಳ ಲೆಕ್ಕ ಇಡುತ್ತದೆ. ವರ್ಷಕ್ಕೆ 25 ಜನ ಕಾದಾಟದಲ್ಲಿ ಸತ್ತರೆ ಅದು ಸಶಸ್ತ್ರ ಸಂಘರ್ಷ, 1000 ಮುಟ್ಟಿದರೆ ಯುದ್ಧ. ಆದರೆ ಕಾದಾಟದ ಸಾವು ಒಂದು ಪಾಲು ಮಾತ್ರ. 1998ರಿಂದ 2007ರವರೆಗೆ ಕಾಂಗೋದಲ್ಲಿ ಸುಮಾರು 54 ಲಕ್ಷ ಹೆಚ್ಚುವರಿ ಸಾವುಗಳಾದವೆಂದು ಇಂಟರ್‌ನ್ಯಾಷನಲ್ ರೆಸ್ಕ್ಯೂ ಕಮಿಟಿ ಅಂದಾಜಿಸಿತು. ಆ ಅಂಕಿಯ ಬಗ್ಗೆ ತಕರಾರುಗಳಿವೆ. ಸತ್ತವರಲ್ಲಿ ಬಹುಪಾಲು ಜನರನ್ನು ಕೊಂದದ್ದು ಮಲೇರಿಯಾ, ವಾಂತಿಭೇದಿ, ನ್ಯುಮೋನಿಯಾ, ಹಸಿವು.

ಮಲೆನಾಡಿನಲ್ಲಿ ಇನ್ನೊಂದು ಬಗೆಯ ಸಾವಿತ್ತು. ‘ಪೊಲೀಸರ ಮಾಹಿತಿದಾರ’ ಎಂಬ ಒಂದು ಮಾತು ಸಾಕಿತ್ತು. 2008ರಲ್ಲಿ ಹೆಬ್ರಿ ಬಳಿಯ ಸೀತಾನದಿಯಲ್ಲಿ ಒಬ್ಬ ಮೇಷ್ಟರನ್ನು ನಕ್ಸಲರು ಕೊಂದರು. ಪಾಠ ಹೇಳುವವರನ್ನು ಕೊಂದು ಯಾವ ನ್ಯಾಯ ತರುತ್ತಾರೆ ಎಂದು ಆಗ ಬಂದ ಸಿಟ್ಟು ನನಗೆ ಇನ್ನೂ ಆರಿಲ್ಲ.

2024ರ ನವೆಂಬರ್ 18ರಂದು ಹೆಬ್ರಿ ತಾಲ್ಲೂಕಿನ ಪೀತಬೈಲಿನಲ್ಲಿ ನಕ್ಸಲ್ ನಾಯಕ ವಿಕ್ರಂ ಗೌಡ ಪೊಲೀಸರ ಗುಂಡಿಗೆ ಸತ್ತರು. 2025ರ ಜನವರಿ 8ರಂದು ಆರು ಮಂದಿ ನಕ್ಸಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಎದುರು ಶರಣಾದರು. ಅವರ ಬೇಡಿಕೆಗಳಲ್ಲಿ ಕಾಡಿನ ಜನರ ಭೂಮಿಯ ಮಾತೂ ಇತ್ತು.